ನಾಲ್ಕು ಗಂಟೆಯ ಓದು

ಶನಿವಾರ, ಡಿಸೆಂಬರ್ 28

ಇವತ್ತಿನ ನಾಲ್ಕು ಗಂಟೆಯ ಓದು ಹದಿನೈದೇ ನಿಮಿಷದಲ್ಲಿ ಮುಗಿಯಿತು. ಮುಗಿಸಿದವಳು ನಾನೇ.

ಈ ಪದ್ಧತಿ ಶುರುಮಾಡಿದಾಗ ಹೈದರಾಬಾದ್‌ನ ಮುಖ್ಯ ಕಚೇರಿಯವರು ನಕ್ಕಿದ್ದರು, ಇದು ಆಫೀಸೋ ಪುರಾಣ ಓದುವ ಕಟ್ಟೆಯೋ ಎಂದು. ನಗಲಿ. ಬಸವಕಲ್ಯಾಣದ ಕಿರಾಣಿ ಅಂಗಡಿಯ ಮೇಲಿನ ನಮ್ಮ ಈ ಆಫೀಸಿನಲ್ಲಿ ನನ್ನನ್ನೂ ಸೇರಿಸಿ ಐದು ಜನ. ಪ್ರೋಗ್ರಾಂನಲ್ಲಿ ಯಾರು ಏನೇ ಬದಲಾಯಿಸಿದರೂ ಸಂಜೆ ಚಹಾ ಬಂದಾಗ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಯಾಕೆ ಬದಲಾಯಿಸಿದೆ ಎಂದು ಕನ್ನಡದಲ್ಲಿ ಹೇಳಬೇಕು. ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎರಡನ್ನೂ ಗಜಾಲಾ ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಎಲ್ಲರೂ ಹೂಂ ಎಂದ ಮೇಲೆ ನಾನು ಪಾಸ್‌ವರ್ಡ್ ಹಾಕಿ ಅದನ್ನು ಸರ್ವರ್‌ಗೆ ಏರಿಸುತ್ತೇನೆ. ಪಾಸ್‌ವರ್ಡ್ ನನ್ನ ಹತ್ತಿರ ಮಾತ್ರ ಇದೆ. ಕಂಪನಿಯ ನಿಯಮ ಹಾಗೆ, ನನಗೂ ಅದೇ ಸರಿ ಅನಿಸುತ್ತದೆ. ನನ್ನ ಹುಡುಗರು ಒಳ್ಳೆಯವರು, ಆದರೂ ಹುಡುಗರು.

ಇವತ್ತು ಓದಿದವನು ವೀರಭದ್ರ. ಹುಮನಾಬಾದ್‌ನಲ್ಲಿರುವ ನಾಗನಾಥ ಅವರ ಬೇಳೆ ಗಿರಣಿಗೆ ನಾವು ಮಾಡಿಕೊಟ್ಟ ಟೋಕನ್ ವ್ಯವಸ್ಥೆಯ ಕೆಲಸ. ಯಾವ ರೈತ ಯಾವ ದಿನ, ಎಷ್ಟು ಹೊತ್ತಿಗೆ ತೊಗರಿ ತರಬೇಕು ಎಂದು ಅವರವರ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ದಿನಕ್ಕೆ ನೂರ ನಲವತ್ತು ಗಾಡಿ. ನಾಡಿದ್ದು ಸೋಮವಾರ ಎಳ್ಳಮಾವಾಸ್ಯೆ. ಹೈದರಾಬಾದ್‌ನವರಿಗೆ ಅದು ಬರೀ ಸೋಮವಾರ. ಇಲ್ಲಿ ಅವತ್ತು ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಕಾಳು-ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಗಿಡದ ನೆರಳಲ್ಲಿ ಉರುಳಿಕೊಂಡಿರುತ್ತದೆ. ಗಿರಣಿಗೆ ಯಾವ ಪುಣ್ಯಾತ್ಮ ಬರುತ್ತಾನೆ? ಹಾಗಾಗಿ ವೀರಭದ್ರ ಅವತ್ತಿನ ಟೋಕನ್‌ಗಳನ್ನೆಲ್ಲ ಮಂಗಳವಾರಕ್ಕೆ ಸರಿಸಿದ್ದ. ಭೇಷ್ ಎಂದೆ.

ಗಜಾಲಾ ಎಂದಿನಂತೆ ಪೆನ್ನೆತ್ತಿ ಕೂತಳು. “ಮಂಗಳವಾರಕ್ಕ ಮೊದಲೇ ನೂರಾ ನಲವತ್ತು ಮಂದಿ ಇದ್ದಾರಲ್ರಿ ಮೇಡಂ. ಅವರು ಎಲ್ಲಿ ನಿಲ್ಲಬೇಕ್ರಿ?”

“ಭಜ್ಜಿ ಉಂಡ ಮರುದಿನ ಮುಂಜಾನಿ ಯಾರು ಏಳ್ತಾರವ್ವ? ಅರ್ಧಾ ಮಂದಿ ಬುಧವಾರ ಬರ್ತಾರ, ತಗೋ” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಈ ಹುಡುಗಿಗೆ ಎಲ್ಲದರಲ್ಲೂ ಅನುಮಾನ. ನಮ್ಮೂರು ಮೋರಖಂಡಿಯಲ್ಲಿ ಅವ್ವ ಹಬ್ಬಕ್ಕೆ ಪುಂಡಿಪಲ್ಲೆ ಸೊಪ್ಪು ಬಿಡಿಸುತ್ತ ಕಾಯುತ್ತಿದ್ದಳು, ನನಗೆ ಬೇಗ ಮನೆ ಸೇರಬೇಕಿತ್ತು.

ಸೋಮವಾರ, ಡಿಸೆಂಬರ್ 30

ಹೊಲ. ಊಟ. ನಿದ್ದೆ. ಗಜಾಲಾ, ವೀರಭದ್ರ, ರಾಜೀವ, ತಬಸ್ಸುಮ ನಾಲ್ವರೂ ನಮ್ಮ ಹೊಲಕ್ಕೇ ಬಂದಿದ್ದರು. ಅವ್ವ ಒಬ್ಬೊಬ್ಬರಿಗೆ ನಾಲ್ಕು ರೊಟ್ಟಿ ಬಡಿಸಿದಳು. ಇಂಥ ತಂಡ ಹೈದರಾಬಾದ್‌ನಲ್ಲಿ ಯಾರಿಗಿದೆ, ತೋರಿಸಲಿ.

ಮಂಗಳವಾರ, ಡಿಸೆಂಬರ್ 31

ಎಲ್ಲರೂ ಎದ್ದಿದ್ದರು. ಎಲ್ಲರೂ ಬಂದಿದ್ದರು.

ಬೆಳಿಗ್ಗೆ ಎಂಟಕ್ಕೆ ನಾಗನಾಥ ಅವರ ಫೋನು. ಹಲೋ ಇಲ್ಲ, ನಮಸ್ಕಾರ ಇಲ್ಲ. “ಮೇಡಂ, ಬಂದು ನೋಡ್ರಿ. ನಾ ಬಾಯಿಲೆ ಹೇಳಂಗಿಲ್ಲ.” ಬಸ್ಸು ರಾಜೇಶ್ವರ ದಾಟಿ ಹುಮನಾಬಾದ್ ಹತ್ತಿರ ಬಂದಂತೆ ನಿಂತೇ ಬಿಟ್ಟಿತು. ಗಿರಣಿಯ ಗೇಟಿನಿಂದ ಹೆದ್ದಾರಿಯವರೆಗೆ ಟ್ರ್ಯಾಕ್ಟರ್ ಹಿಂದೆ ಟ್ರ್ಯಾಕ್ಟರ್. ಇಳಿದು ನಡೆದೆ. ಇನ್ನೂರ ಎಂಬತ್ತು ಗಾಡಿ, ಒಂದೂ ಕಡಿಮೆ ಇಲ್ಲ.

ಘಾಟಬೋರಾಳದ ಒಬ್ಬ ಮುದುಕ ಟ್ರಾಲಿಯ ಮೇಲೆ ಚೀಲಗಳ ನಡುವೆ ಕೂತಿದ್ದ. ನನ್ನ ಕೊರಳಿನ ಗುರುತಿನ ಚೀಟಿ ನೋಡಿ ಕರೆದ. “ನಿಮ್ಮ ಮೊಬೈಲ್ ಬಾ ಅಂತು, ಬಂದೇವಿ. ಈಗ ನಿಲ್ಲು ಅನ್ನಾಕತ್ತದ. ಟ್ರ್ಯಾಕ್ಟರ್ ನಂದಲ್ಲ ತಂಗಿ, ಇವತ್ತಿನ ದಿನಕ್ಕಷ್ಟೇ ಕೇಳಿ ತಂದೀನಿ.” ನೀರು ಬೇಕೇ ಎಂದು ಕೇಳಿದೆ. ಅವನು ಮುಖ ತಿರುಗಿಸಿದ.

ಸಂಜೆ ಗೇಟು ಮುಚ್ಚಿದಾಗ ಅರವತ್ತೊಂದು ಗಾಡಿ ತುಂಬಿದ ಚೀಲಗಳ ಸಮೇತ ಊರಿಗೆ ತಿರುಗಿದವು. ಮುದುಕನ ಗಾಡಿಯೂ ಅದರಲ್ಲಿತ್ತು.

ಶುಕ್ರವಾರ, ಜನವರಿ 3

ಸಂಜೀವಕುಮಾರ ಅವರ ಫೋನು ಮೂರು ಸಲ ಬಂತು. ಹೈದರಾಬಾದ್‌ನಲ್ಲಿ ಕೂತ ನಮ್ಮ ದೊಡ್ಡ ಸಾಹೇಬರು ಮೂಲತಃ ಬೀದರ ಕಡೆಯವರೇ, ಸಿಟ್ಟು ಬಂದಾಗ ಮಾತ್ರ ಊರ ಭಾಷೆ ನೆನಪಾಗುತ್ತದೆ.

“ಯಾರು ಮಾಡ್ಯಾರ, ಹೆಸರು ಹೇಳ್ರಿ. ಗಿರಾಕಿ ಮುಂದ ನನ್ನ ಇಜ್ಜತ್ ಹೋಗ್ಯದ. ಒಬ್ಬರನ್ನ ತೆಗದೇವಿ ಅಂದ್ರ ಅವರು ತಣ್ಣಗಾಗ್ತಾರ.”

“ಹೆಸರು ಇಲ್ರಿ” ಎಂದೆ.

“ಹೆಸರು ಇಲ್ಲ ಅಂದ್ರ? ಪ್ರೋಗ್ರಾಂ ತಾನೇ ಬರಕೊಂತೇನು?”

“ಇಲ್ಲಿ ಎಲ್ಲಾರ ಮುಂದ ಓದಿದ್ದನ್ನ ಏರಿಸ್ತೀವಿ. ಐದೂ ಮಂದಿ ಹೂಂ ಅಂದದ್ದಕ್ಕ ಒಂದು ಹೆಸರು ಎಲ್ಲಿಂದ ತರಲಿ?”

ಫೋನು ಇಟ್ಟ ಮೇಲೆ ಖುಷಿಯಾಯಿತು. ನನ್ನ ಹುಡುಗರನ್ನು ಮುಟ್ಟಬೇಕಾದರೆ ಮೊದಲು ನನ್ನನ್ನು ದಾಟಬೇಕು. ಪುಣೆಯಲ್ಲಿ ಹನ್ನೊಂದು ವರ್ಷ ಇದೇ ಆಟ ನೋಡಿದ್ದೇನೆ. ಕೆಲಸ ಕೆಟ್ಟಾಗ ಮೇಲಿನವರು ಒಂದು ಕುರಿ ಹುಡುಕುತ್ತಾರೆ, ಉಳಿದವರು ತಲೆ ತಗ್ಗಿಸಿ ಕೀಲಿಮಣೆ ಕುಟ್ಟುತ್ತಾರೆ. ಅದು ಸಾಕಾಗಿಯೇ ಇಲ್ಲಿಗೆ ಬಂದೆ. ಅವತ್ತಿನ ಓದಿನಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ, ಅಷ್ಟೇ. ಹೊಳೆದು ಯಾರಾದರೂ ಬಾಯಿ ಬಿಟ್ಟಿದ್ದರೆ ಪ್ರೋಗ್ರಾಂ ಏರಿಸುವುದನ್ನು ನಾನು ನಿಲ್ಲಿಸದೆ ಇರುತ್ತಿದ್ದೆನೇ?

ಗಜಾಲಾ ಇವತ್ತು ಇಡೀ ದಿನ ಮಾತಾಡಲಿಲ್ಲ. ಹೆದರಿದ್ದಾಳೆ, ಪಾಪ.

ಶನಿವಾರ, ಜನವರಿ 4

ಸಾಹೇಬರು ಹೆಸರು ತಾವೇ ಹುಡುಕಿಕೊಂಡಿದ್ದಾರೆ. ಕಂಪ್ಯೂಟರ್ ಯಾರು ಯಾವ ಸಾಲು ಬರೆದರು ಎಂಬುದನ್ನು ಬಚ್ಚಿಡುವುದಿಲ್ಲವಲ್ಲ. ಬೆಳಿಗ್ಗೆ ಒಂದು ಪತ್ರ ಬಂತು: ವೀರಭದ್ರನ ನಿರ್ಲಕ್ಷ್ಯದಿಂದ ಹೀಗಾಯಿತು, ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ನನ್ನ ಸಹಿಗೆ ಜಾಗ. ಗುರುವಾರದ ಒಳಗೆ ಸಹಿ ಬೇಕಂತೆ.

ವೀರಭದ್ರ ಅದನ್ನು ನಿಂತೇ ಓದಿದ. ಮದುವೆಯಾಗಿ ಎಂಟು ತಿಂಗಳಾಗಿದೆ ಅವನಿಗೆ. “ಹಾಕ್ರಿ ಮೇಡಂ ಸಹಿ. ಬರದಾವ ನಾನೇ ಹೌದಲ್ಲ?” ಎಂದ. ಅವನ ಆ ಮೆತ್ತಗಿನ ದನಿಗೆ ನನಗೆ ಮೈಯೆಲ್ಲ ಉರಿಯಿತು. ಪತ್ರವನ್ನು ಎರಡು ತುಂಡು ಮಾಡಿದೆ. ಆಮೇಲೆ ಕೂತು ಬೇರೆ ಪತ್ರ ಬರೆದೆ: ತಪ್ಪು ನನ್ನದು, ನನ್ನೊಬ್ಬಳದೇ, ತಂಡಕ್ಕೆ ಇದರಲ್ಲಿ ಪಾಲಿಲ್ಲ, ಶಿಕ್ಷೆ ನನಗೇ ಆಗಲಿ. ಚೆನ್ನಾಗಿ ಬಂದಿತ್ತು. ಇವತ್ತು ನಾಲ್ಕು ಗಂಟೆಗೆ ಓದಬೇಕಾದ ಪ್ರೋಗ್ರಾಂ ಯಾವುದೂ ಇರಲಿಲ್ಲ, ಪತ್ರವನ್ನೇ ಓದಿದೆ.

ಯಾರೂ ಹೂಂ ಎನ್ನಲಿಲ್ಲ. ಗಜಾಲಾ ರಿಜಿಸ್ಟರ್ ತೆರೆದು ನನ್ನ ಮುಂದೆ ಇಟ್ಟಳು. ಡಿಸೆಂಬರ್ 28ರ ಪುಟ. ಪ್ರಶ್ನೆಯ ಕಾಲಮ್ಮಿನಲ್ಲಿ ಅವಳ ದುಂಡಗಿನ ಅಕ್ಷರ: ‘ಮಂಗಳವಾರದ ಮಂದಿ ಎಲ್ಲಿ ನಿಲ್ಲಬೇಕು?’ ಉತ್ತರದ ಕಾಲಮ್ಮಿನಲ್ಲಿ ಒಂದೇ ಪದ: ‘ನಕ್ಕರು.’

ಗಜಾಲಾ ಆ ಪದದ ಮೇಲೆ ಬೆರಳಿಟ್ಟಳು.

“ನಿನ್ನೆ ನೀವು ಫೋನ್‌ನಾಗ ಐದೂ ಮಂದಿ ಹೂಂ ಅಂದಾರ ಅಂದ್ರಿ” ಎಂದಳು. “ನಾ ಅಂದಿಲ್ರಿ. ಸುಮ್ಮನಾದೆ. ಸುಮ್ಮನಾಗೋದು ಬ್ಯಾರೆ, ಹೂಂ ಅನ್ನೋದು ಬ್ಯಾರೆ.”

“ಅದಕ್ಕೇ ತಪ್ಪು ನಂದು ಅಂತ ಬರದೇನಲ್ಲ!” ಎಂದೆ. ದನಿ ಏರಿತ್ತು.

ಆಗ ಅವಳಿಗೆ ನಿಜಕ್ಕೂ ಸಿಟ್ಟು ಬಂತು. ಎರಡು ವರ್ಷದಲ್ಲಿ ಮೊದಲ ಸಲ ಕಂಡೆ. “ಅದನ್ನೂ ನೀವೊಬ್ಬರೇ ಇಟ್ಕೊಂಡ್ರ್ಯಾ? ಪಾಸ್‌ವರ್ಡ್ ನಿಮ್ಮದು, ಸಾಹೇಬರ ಫೋನ್ ನಿಮ್ಮದು, ಈಗ ತಪ್ಪೂ ನಿಮ್ಮದು. ನಮಗೇನು ಉಳೀತ್ರಿ, ಚಹಾ? ವೀರಭದ್ರಣ್ಣ ಲೆಕ್ಕ ಹಾಕಿ ನೋಡಲಿಲ್ಲ. ಅದು ಅವರ ತಪ್ಪು. ನೀವು ನಕ್ರಿ. ಅದು ನಿಮ್ಮದು. ನಾ ಒಂದ್ಸಲ ಕೇಳಿ ಬಿಟ್ಟೆ, ಎರಡನೇ ಸಲ ಕೇಳಲಿಲ್ಲ. ಯಾಕ? ಎಲ್ಲಾರೂ ನಗಾಕತ್ತಿದ್ರು, ನಾನೂ ನಕ್ಕೆ. ಅದು ನನ್ನದು, ಅದನ್ನ ನಾ ಯಾರಿಗೂ ಕೊಡಂಗಿಲ್ಲ.”

ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಎಷ್ಟು ಸೊಕ್ಕು.

ಭಾನುವಾರ, ಜನವರಿ 5

ಈ ದಿನಚರಿಯ ಹಿಂದಿನ ಪುಟ ತಿರುಗಿಸಿದೆ. ನನ್ನ ಕೈಯಿಂದಲೇ ಬರೆದಿದ್ದೇನೆ. ಅವಳ ಪ್ರಶ್ನೆ, ನನ್ನ ಹಾಸ್ಯ, ‘ಎಲ್ಲದರಲ್ಲೂ ಅನುಮಾನ’ ಎಂಬ ಸರ್ಟಿಫಿಕೇಟು, ಎಲ್ಲ. ಶುಕ್ರವಾರ ‘ಯಾರಿಗೂ ಏನೂ ಹೊಳೆಯಲಿಲ್ಲ’ ಎಂದು ಬರೆದದ್ದೂ ಇದೇ ಪೆನ್ನು. ನನಗೆ ನಾನೇ ಸುಳ್ಳು ಹೇಳಿಕೊಳ್ಳುವಾಗಲೂ ಅಕ್ಷರ ಎಷ್ಟು ನೀಟಾಗಿ ಬಂದಿದೆ.

ಹರಿದು ಹಾಕೋಣ ಅನಿಸಿತು. ಹರಿಯಲಿಲ್ಲ. ಅವ್ವ ಊಟಕ್ಕೆ ಕರೆದಳು, ಹೊಟ್ಟೆ ಸರಿಯಿಲ್ಲ ಎಂದೆ.

ಸೋಮವಾರ, ಜನವರಿ 6

ಬೆಳಿಗ್ಗೆ ಹೋದ ಕೂಡಲೇ ಪಾಸ್‌ವರ್ಡನ್ನು ಗೋಡೆಯ ಬೋರ್ಡಿನ ಮೇಲೆ ಬರೆದೆ. “ಎಲ್ಲಾರೂ ಬರಕೊಳ್ರಿ, ಆಮ್ಯಾಲ ಒರಸ್ರಿ” ಎಂದೆ. ರಾಜೀವ ಬಾಗಿಲು ಹಾಕಿ ಬಂದ, ಕಳ್ಳಮಾಲು ನೋಡಿದವನ ಹಾಗೆ. ನಿಯಮ ಮುರಿದದ್ದು ನನಗೂ ಗೊತ್ತು. ಐದು ಜನರ ಕೆಲಸಕ್ಕೆ ಒಂದೇ ಕೀಲಿಕೈ ಕೊಟ್ಟು, ಅದನ್ನು ಒಬ್ಬಳ ಸೊಂಟಕ್ಕೆ ಕಟ್ಟಿ, ಆಮೇಲೆ ಹೊಣೆ ಎಲ್ಲರದು ಎನ್ನುವ ನಿಯಮ ಅದು. ಸುಡಲಿ. ನಾನೇ ಅದನ್ನು ಸರಿ ಎಂದುಕೊಂಡಿದ್ದೆ ಎಂಬುದು ಬೇರೆ ಮಾತು.

ಆಮೇಲೆ ಐವರೂ ಕೂತು ಒಂದು ಪುಟ ಬರೆದೆವು. ರೈತರಿಗೆ. ಏನಾಯಿತು, ಹೇಗಾಯಿತು, ಎಲ್ಲಿ ಕೇಳಬೇಕಿತ್ತು, ಕೇಳಿದಾಗ ಹೇಗೆ ನಕ್ಕೆವು, ಇನ್ನು ಮುಂದೆ ಏನು ಮಾಡುತ್ತೇವೆ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ನಾನು ಸೇರಿಸಿದ್ದನ್ನು ತಬಸ್ಸುಮ ಹೊಡೆದು ಹಾಕಿದಳು. “ಇದು ಬಸ್ ಸ್ಟ್ಯಾಂಡ್‌ನಾಗ ಒದರ್ತಾರಲ್ರಿ, ಹಂಗ ಕೇಳ್ತದ” ಎಂದಳು. ‘ನಿಮ್ಮನ್ನು ಇಡೀ ದಿನ ರಸ್ತೆಯಲ್ಲಿ ನಿಲ್ಲಿಸಿದೆವು, ತಪ್ಪು ನಮ್ಮದು’ ಎಂದಾಯಿತು. ವೀರಭದ್ರ ತನ್ನ ಹೆಸರು ಹಾಕುತ್ತೇನೆ ಎಂದು ಹಟ ಹಿಡಿದ. ಗಜಾಲಾ ಬಿಡಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ತೀರ್ಮಾನವಾಗಿತ್ತು.

ಅದರ ಒಂದು ಪ್ರತಿಯನ್ನು ಸಾಹೇಬರಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನು. “ತಲಿ ಕೆಟ್ಟದೇನ್ರಿ? ತಪ್ಪು ಮಾಡೇವಿ ಅಂತ ಯಾವ ಕಂಪನಿ ಬರದು ಹಚ್ತದ? ಹೊರಗ ಹೋಗಬಾರದು ಅದು!”

“ಇಲ್ರಿ, ನಾಳಿ ಹಚ್ತೀವಿ.”

“ನಾ ಬ್ಯಾಡ ಅಂದೀನಿ.”

“ಕೇಳಿಸ್ಕೊಂಡೇವ್ರಿ.”

ಮಂಗಳವಾರ, ಜನವರಿ 7

ಹುಮನಾಬಾದ್. ಗಿರಣಿಯ ಗೇಟಿಗೆ ಕಾಗದ ಅಂಟಿಸಿದೆವು. ನಾಗನಾಥ ಕನ್ನಡಕ ಹಾಕಿಕೊಂಡು ಬಂದರು, ಬೆರಳು ಆಡಿಸುತ್ತ ಮೊದಲಿಂದ ಕೊನೆಯ ತನಕ ಓದಿದರು. ಕಿತ್ತು ಎಸೆಯುತ್ತಾರೆ ಎಂದುಕೊಂಡು ಗೇಟಿಗೆ ಅಡ್ಡ ನಿಂತೆ. ಜಗಳಕ್ಕೆ ತಯಾರಾಗಿಯೇ ಬಂದಿದ್ದೆ.

“ಇದರಾಗ ಒಂದು ಬಿಟ್ಟೀರಿ” ಎಂದರು. “ಅವತ್ತು ಏಳಕ್ಕ ತೆಗೀಬೇಕಾದ ಗೇಟು ನಾ ಹತ್ತಕ್ಕ ತೆಗದೀನಿ. ಹಮಾಲರು ಹಬ್ಬ ಮಾಡಿ ತಡಾ ಬಂದ್ರು. ಅದೂ ಬರ್ರಿ.”

ನಾನು ಗೇಟಿನಿಂದ ಸರಿದೆ. ವೀರಭದ್ರ ಪೆನ್ನು ತೆಗೆದು ಬರೆದ. ಅಷ್ಟರಲ್ಲಿ ಜನ ಸೇರಿದ್ದರು. ಒಬ್ಬ ಓದಿ ಉಳಿದವರಿಗೆ ಹೇಳಿದ. ‘ಕೇಳಿದಾಗ ನಕ್ಕೆವು’ ಎಂಬುದನ್ನು ಎರಡು ಸಲ ಓದಿಸಿದರು. ಯಾರೋ ಬೈದರು, ಚೆನ್ನಾಗಿಯೇ ಬೈದರು. ಕೇಳಿಕೊಂಡೆವು. ರಾಜೇಶ್ವರದ ಒಬ್ಬ ಹೆಂಗಸು ಮುಂದೆ ಬಂದು, ತಿರುಗಿ ಹೋದ ಗಾಡಿ ಕಾಗದದಲ್ಲಿ ಬರೆದಂತೆ ಅರವತ್ತೊಂದಲ್ಲ ಎಂದಳು. ಅವರ ಊರಿನ ನಾಲ್ಕು ಗಾಡಿ ಗೇಟಿನ ತನಕ ಬರದೆ ಹೆದ್ದಾರಿಯಿಂದಲೇ ತಿರುಗಿದ್ದವಂತೆ. ಗಜಾಲಾ ಅರವತ್ತೊಂದನ್ನು ಹೊಡೆದು ಅರವತ್ತೈದು ಎಂದು ಬರೆದು, “ನಿಮ್ಮ ಊರಿನವರ ಹೆಸರು ಹೇಳ್ರಿ ಅತ್ತಿ, ಈ ವಾರ ಮೊದಲು ಅವರಿಗೇ ಟೋಕನ್” ಎಂದಳು. ನನ್ನನ್ನು ಕೇಳಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. “ಅಕ್ಕಾ, ಕಿಡಕಿ ಜರಾ ಹಾಕ್ರಿ, ಥಂಡಿ ಹೊಡ್ಯಾಕತ್ತದ” ಎಂದಳು. ಹಾಕಿದೆ.

ಗುರುವಾರ, ಜನವರಿ 9

ಸಂಜೀವಕುಮಾರ ಹೈದರಾಬಾದ್‌ನಿಂದ ಕಾರಿನಲ್ಲಿ ಬಂದಿಳಿದರು. ನಾಗನಾಥ ಫೋನು ಮಾಡಿ, ಆ ಕಾಗದ ಬರೆದ ಮಂದಿಯನ್ನು ಮುಟ್ಟಿದರೆ ಬೇರೆ ಕಂಪನಿ ನೋಡಿಕೊಳ್ಳುತ್ತೇನೆ ಎಂದಿದ್ದಾರಂತೆ. ಹಾಗಾಗಿ ವೀರಭದ್ರನ ಕೆಲಸ ಉಳಿಯಿತು. ಸಾಹೇಬರ ಸಿಟ್ಟು ಮಾತ್ರ ಹಾಗೇ ಉಳಿದಿತ್ತು, ಅದಕ್ಕೊಂದು ಜಾಗ ಬೇಕಿತ್ತು.

“ಹೋಗ್ಲಿ, ಸರ್ವರ್ ಪಾಸ್‌ವರ್ಡ್ ನನಗ ಕೊಡ್ರಿ. ಇನ್ನ ಮ್ಯಾಲ ಹೈದರಾಬಾದ್‌ನಿಂದನೇ ಏರಿಸ್ತೀವಿ” ಎಂದರು.

“ಕೊಡ್ತೀನ್ರಿ. ಇವರ ಹತ್ತಿರನೂ ಅದ.”

“ಯಾರ ಹತ್ತಿರ?”

“ಐದೂ ಮಂದಿ ಹತ್ತಿರ.”

ಅವರ ಮುಖ ನೋಡಬೇಕಿತ್ತು. ಇನ್ನೂರ ಎಂಬತ್ತು ಗಾಡಿ ರಸ್ತೆಯಲ್ಲಿ ನಿಂತಾಗಲೂ ಅಷ್ಟು ಬೆಚ್ಚಿರಲಿಲ್ಲ. ಇದು ಭದ್ರತೆಯ ನಿಯಮದ ಉಲ್ಲಂಘನೆ, ಇದಕ್ಕೆ ಕ್ಷಮೆಯಿಲ್ಲ ಎಂದರು. ನಿಯಮ ಹಾಗೇ ಇದೆ, ಸುಳ್ಳಲ್ಲ. ಈ ನಾಲ್ವರಿಗೂ ಸಿಗದಂತೆ ಪಾಸ್‌ವರ್ಡ್ ಬದಲಾಯಿಸಿ, ತಪ್ಪಾಯಿತು ಎಂದು ಬರೆದುಕೊಟ್ಟರೆ ನನ್ನನ್ನು ಇಟ್ಟುಕೊಳ್ಳುತ್ತಾರಂತೆ.

“ಅವರನ್ನ ನಂಬಿದ್ದು ತಪ್ಪಾತು ಅಂತ ಬರೀಬೇಕೇನ್ರಿ?” ಎಂದು ಕೇಳಿದೆ.

“ಹಂಗ ತಿಳಕೊಳ್ರಿ.”

“ಹಂಗಾದ್ರ ಆಗಂಗಿಲ್ಲ.”

ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಪಾಸ್‌ವರ್ಡ್ ಇದೆಯಲ್ಲ, ನೀವಿಲ್ಲದೆ ಈ ನಾಲ್ಕು ಮಂದಿ ಒಂದು ವಾರ ನಡೆಸಿ ತೋರಿಸಲಿ, ಎಡವಿದ ದಿನ ಈ ಆಫೀಸಿಗೆ ಬೀಗ ಎಂದರು ಸಾಹೇಬರು. ಯಾರೂ ಅಳಲಿಲ್ಲ, ನನ್ನ ಕಾಲಿಗೂ ಬೀಳಲಿಲ್ಲ. ತಬಸ್ಸುಮ ಗಡಿಯಾರ ನೋಡಿ, “ನಾಲ್ಕಾತ್ರಿ, ಓದೋದದ” ಎಂದಳು. ಸಾಹೇಬರಿಗೂ ಒಂದು ಕುರ್ಚಿ ಎಳೆದರು. ಓದು ಶುರುವಾಗುವ ಹೊತ್ತಿಗೆ ನಾನು ಸ್ಕೂಟರ್ ಹತ್ತಿದ್ದೆ.

ಸೋಮವಾರ, ಜನವರಿ 13

ನಾಲ್ಕು ದಿನವಾಯಿತು, ಒಬ್ಬರೂ ಫೋನು ಮಾಡಿಲ್ಲ. ಮಾಡಬೇಡಿ ಎಂದು ನಾನೇನೂ ಹೇಳಿರಲಿಲ್ಲ. ದಿನಕ್ಕೆ ನೂರ ನಲವತ್ತು ಟೋಕನ್, ಎಲ್ಲೋ ಏನೋ ಸಿಕ್ಕಿಹಾಕಿಕೊಂಡೇ ಇರುತ್ತದೆ. ನನ್ನನ್ನು ಕೇಳಲು ಏನು ಧಾಡಿ? ನೋವಾಗುತ್ತಿದೆ. ಹೌದು, ನೋವಾಗುತ್ತಿದೆ, ಬರೆದುಕೊಳ್ಳಲು ನಾಚಿಕೆ ಏನು.

“ಹನ್ನೊಂದು ಸಲ ಫೋನ್ ನೋಡೀದಿ ಮುಂಜಾನಿಂದ” ಎಂದಳು ಅವ್ವ. “ತೊಗರಿ ಚೀಲಕ್ಕ ಹೊಲಿಗಿ ಹಾಕು ಬಾ.”

ಹೊಲಿಗೆ ಹಾಕಿದೆ. ಸೊಟ್ಟ ಹಾಕಿದೆ ಎಂದು ಬಿಚ್ಚಿಸಿ ಮತ್ತೆ ಹಾಕಿಸಿದಳು.

ಸೋಮವಾರ, ಜನವರಿ 20

ಅವ್ವನ ಮೊಬೈಲಿಗೆ ನಿನ್ನೆ ಟೋಕನ್ ಬಂತು. ಸಂಗಮ್ಮ, ಮೋರಖಂಡಿ, ಸೋಮವಾರ ಬೆಳಿಗ್ಗೆ ಒಂಬತ್ತು. ಕೆಳಗೆ ಹೊಸದೊಂದು ಸಾಲು: ‘ಇದರಲ್ಲಿ ತಪ್ಪಿದ್ದರೆ ಹೇಳಿ’, ಪಕ್ಕದಲ್ಲಿ ಆಫೀಸಿನ ನಂಬರು. ಇಂಥ ಸಾಲನ್ನು ನಾನಿದ್ದಿದ್ದರೆ ಹಾಕಲು ಬಿಡುತ್ತಿರಲಿಲ್ಲ. ಊರ ತುಂಬ ಫೋನು ಬರುತ್ತವೆ, ಯಾರು ಎತ್ತುತ್ತಾರೆ ಎನ್ನುತ್ತಿದ್ದೆ.

ಇವತ್ತು ಅವ್ವನ ಜೊತೆ ನಾನೂ ಚೀಲಗಳ ಮೇಲೆ ಕೂತು ಹುಮನಾಬಾದ್‌ಗೆ ಹೋದೆ. ಹಿಂದಿನ ಗೇಟಿಗೆ ಬನ್ನಿ ಎಂದು ಮೆಸೇಜಿನಲ್ಲಿತ್ತು. ಹೋದರೆ ಗೇಟಿಗೆ ಬೀಗ. ಅಲ್ಲಿ ನಮಗಿಂತ ಮೊದಲೇ ಎಂಟು ಗಾಡಿ. ಯಾರೋ ಗೇಟು ಬದಲಾಯಿಸಿ ಗಿರಣಿಯವರನ್ನು ಕೇಳದೆ ಕಳಿಸಿದ್ದಾರೆ. ಸಾಹೇಬರು ಹಾಕಿದ ವಾರದ ಗಡುವು ಮುಗಿದಿರಬಹುದು, ಆದರೆ ಆಫೀಸಿಗೆ ಹಾಕುವ ಬೀಗ ಅವರ ಜೇಬಿನಲ್ಲೇ ಇದೆ. ಫೋನು ತೆಗೆದೆ. ಗಜಾಲಾಳಿಗೆ ಏನು ಹೇಳಬೇಕು, ಸಾಹೇಬರಿಗೆ ಸುದ್ದಿ ಮುಟ್ಟದಂತೆ ಹೇಗೆ ಸಂಭಾಳಿಸಬೇಕು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮುಂದಿನ ಗಾಡಿಯ ರೈತ ಮೆಸೇಜಿನಲ್ಲಿದ್ದ ನಂಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿಬಿಟ್ಟಿದ್ದ.

“ಹಿಂದಿನ ಗೇಟಿಗೆ ಕೀಲಿ ಹಾಕ್ಯಾರಲ್ರೀ! ಯಾರ್ರೀ ಇದನ್ನ ಬರದಾವ್ರು?”

ಗಜಾಲಾಳ ದನಿ ಬಂತು. ಒಂದು ಕ್ಷಣವೂ ತಡವರಿಸಲಿಲ್ಲ. “ಯಾರು ಬರದ್ರೇನ್ರಿ ಕಾಕಾ, ತಪ್ಪು ನಮ್ಮದು. ಮುಂದಿನ ಗೇಟಿಗೆ ಹೋಗ್ರಿ, ನಾಗನಾಥ ಸಾವ್ಕಾರ್ರಿಗೆ ಈಗೇ ಹೇಳ್ತೀವಿ. ಉಳಿದವರಿಗೆ ಹತ್ತು ನಿಮಿಷದಾಗ ಬ್ಯಾರೆ ಮೆಸೇಜ್ ಬರ್ತದ. ಹೈದರಾಬಾದ್‌ಗೂ ಬರದು ಕಳಸ್ತೀವ್ರಿ.”

ಹಿಂದೆ ವೀರಭದ್ರ ಯಾರಿಗೋ ಏನೋ ಕೂಗಿ ಹೇಳುತ್ತಿದ್ದದ್ದು, ಯಾರೋ ನಕ್ಕದ್ದು ಕೇಳಿಸಿತು. ಫೋನು ಇಟ್ಟ ರೈತ, “ಹೆಣ್ಮಗಳು ಖರೆ ಹೇಳ್ತಾಳಪ್ಪಾ” ಎಂದು ಟ್ರ್ಯಾಕ್ಟರ್ ಚಾಲೂ ಮಾಡಿದ. ನಾನು ನನ್ನ ಫೋನನ್ನು ಚೀಲಕ್ಕೆ ಹಾಕಿದೆ. ಕಣ್ಣು ತುಂಬಿತ್ತು, ತೊಗರಿಯ ಧೂಳು ಎಂದು ಅವ್ವನಿಗೆ ಹೇಳಿದೆ. ಎಂಟನೇ ನಿಮಿಷಕ್ಕೆ ಸಾಲಿನಲ್ಲಿದ್ದ ಎಲ್ಲರ ಜೇಬುಗಳೂ ಒಮ್ಮೆಗೇ ಟಿಣ್ ಎಂದವು.

“ಏನಂತ? ಯಾರದಂತ ತಪ್ಪು?” ಎಂದು ಅವ್ವ ಕೇಳಿದಳು.

“ನಮ್ಮದೇ ಅವ್ವಾ” ಎಂದೆ, ಗಾಡಿ ಮುಂದಿನ ಗೇಟಿಗೆ ತಿರುಗಿಸಲು ಡ್ರೈವರನಿಗೆ ಕೈ ಮಾಡಿದೆ.